ಪರನುಡಿ ಕಲಿತರೆ ಸ್ವಧರ್ಮ ಸವೆಯುವುದೇ?

ಇನ್ನೊಬ್ಬರ ನುಡಿಯೊಳಗೆ ಬಾಳುವವರು ತಮ್ಮ ದೇವರನ್ನು ಉಳಿಸಿಕೊಳ್ಳಬಲ್ಲರೇ? ಸ್ಪೇನಿಗೆ ಭಾಷೆ ಕಲಿಯಲು ಹೋದ ವಿದ್ಯಾರ್ಥಿ ಓದು ಮುಗಿಸಿ ಮನೆಗೆ ಮರಳಬಹುದು. ಪೂರ್ವ ಪಾಕಿಸ್ತಾನ ಬಿಟ್ಟು ಬಂದು ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಿಗೆ ಮರಳುವ ದಾರಿಯಿರಲಿಲ್ಲ. ಸಂತೆಗೂ ಕಚೇರಿಗೂ ಕನ್ನಡ ಬೇಕಾಯಿತು, ಕಲಿತರು. ಆದರೂ ನವರಾತ್ರಿಗೆ ಕ್ಯಾಂಪುಗಳಲ್ಲಿ ದುರ್ಗಾಪೂಜೆ ಬಂಗಾಳದ ಪದ್ಧತಿಯಂತೆಯೇ ನಡೆಯುತ್ತದೆ. ಕನ್ನಡದಿಂದ ಅವರ ಭಕ್ತಿ ಕರಗಲಿಲ್ಲ. ನೆರೆಯವರ ನುಡಿ ಕಲಿಯುವುದೂ ಒಂದು ಧರ್ಮವೇ ಎಂಬುದು ನನ್ನ ನಂಬಿಕೆ.

ಹೊಟ್ಟೆಪಾಡಿಗೆ ಕಲಿತದ್ದು ಧರ್ಮ ಹೇಗಾದೀತು ಎಂದು ಯಾರಾದರೂ ಕೇಳಬಹುದು. ಕೂಲಿ ಕೇಳಲು ನಾಲ್ಕು ಮಾತು ಸಾಕು. ನೆರೆಮನೆಯ ಸಾವಿನಲ್ಲಿ ಸಮಾಧಾನ ಹೇಳಲು ಇನ್ನಷ್ಟು ಬೇಕು. ಆ ಹೆಚ್ಚಿನ ಕಲಿಕೆಯನ್ನು ನಾನು ಧರ್ಮವೆನ್ನುತ್ತೇನೆ. ತಾಯ್ನುಡಿಯ ಅಕ್ಷರ ಮೊಮ್ಮಕ್ಕಳ ಕೈತಪ್ಪೀತು ಎಂಬ ಆತಂಕ ನಿಜವೇ. ಅದಕ್ಕೆ ಮದ್ದು ಬಂಗಾಳಿಯನ್ನೂ ಕಲಿಸುವುದು, ಕನ್ನಡ ಬಿಡಿಸುವುದಲ್ಲ. ಧರ್ಮಕ್ಕೂ ಪರನುಡಿಗೂ ಹಗೆಯಿಲ್ಲ. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನೇ ನೋಡಿ: ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆಂಬ ಮಾತು ಈ ಸೀಮೆಗೆ ಬಂದದ್ದು ಪರನುಡಿಯಲ್ಲೇ. ಕ್ಯಾಂಪಿನವರ ಕನ್ನಡದ ಉಚ್ಚಾರ ಕೇಳಿ ನಗುವವರು ಆ ನಗೆಯನ್ನು ಇಂದೇ ಬಿಡಲಿ.