ಚಿಂತೆಯ ಗಂಟು ಇಳಿಸುವ ಬಗೆ



ಕಪ್ಪತ ಮಲ್ಲಯ್ಯನ ದರ್ಶನಕ್ಕೆ ಬರುವವರ ಕೈಯಲ್ಲಿ ಕಾಯಿ, ಕರ್ಪೂರದ ಗಂಟು ಇರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಗಂಟು ಎದೆಯೊಳಗೆ ಇರುತ್ತದೆ. ಮುಂಡರಗಿ ಕಡೆಯ ರೈತನಿಗೆ ಮಳೆಯ ಚಿಂತೆ, ಉಳ್ಳಾಗಡ್ಡಿ ದರದ ಚಿಂತೆ. ಬೆಟಗೇರಿಯ ನೇಕಾರನಿಗೆ ಮಗ್ಗದ ಚಿಂತೆ. ಲಕ್ಷ್ಮೇಶ್ವರದ ತಾಯಿಗೆ ಮಗಳ ಮದುವೆಯ ಚಿಂತೆ, ಶಿರಹಟ್ಟಿಯ ಹುಡುಗನಿಗೆ ಪರೀಕ್ಷೆಯ ಚಿಂತೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನೇ ಸುಡುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಂತ ಚಿಂತೆಯೇ ಪಾಪವಲ್ಲ. ನಾಳಿನ ವಿಚಾರ ಮಾಡದವನು ಬೀಜ ಕಾಯ್ದಿಡಲಾರ. ಆದರೆ ರಾತ್ರಿಯೆಲ್ಲ ನಿದ್ದೆ ಹತ್ತದೆ, ಎದೆ ಡವಡವ ಎಂದು, ಅಂಗೈ ಬೆವರಿ, ಏನೋ ಕೇಡು ಕಾದಿದೆ ಎಂಬ ಅಂಜಿಕೆ ಬಿಡದೆ ಕಾಡಿದರೆ ಅದು ಬೇನೆ. ಅದಕ್ಕೆ ಆರೈಕೆ ಬೇಕು. "ಗಾಳಿ ಸೋಕೈತಿ" ಅಂತ ಅದನ್ನು ಮುಚ್ಚಿಡಬಾರದು, "ಹುಚ್ಚು ಹಿಡಿದೈತಿ" ಅಂತ ನಗಲೂಬಾರದು.

ಗುಡ್ಡ ಕಲಿಸುವ ಪಾಠ

ಗುಡ್ಡ ಏರುವಾಗ ನಿಮ್ಮ ಎದೆ ಬಡಿದುಕೊಂಡಿತು, ಉಸಿರು ಜೋರಾಯಿತು, ಮೈ ಬೆವರಿತು. ಆಗ ನೀವು ಹೆದರಿದಿರೇನು? ಇಲ್ಲ. "ಏರು ಐತಿ, ಅದಕ್ಕ" ಎಂದು ತಿಳಿದು ಕಲ್ಲಿನ ಮೇಲೆ ಕುಳಿತಿರಿ. ಅದೇ ಬಡಿತ ನಡುರಾತ್ರಿ ಬಂದಾಗ ಮಾತ್ರ "ನನಗೇನೋ ಆಗ್ತೈತಿ" ಎಂದು ಅಂಜುತ್ತೀರಿ. ಅಂಜಿಕೆ ಬಡಿತವನ್ನು ಹೆಚ್ಚಿಸುತ್ತದೆ, ಬಡಿತ ಅಂಜಿಕೆಯನ್ನು ಹೆಚ್ಚಿಸುತ್ತದೆ. ಗಾಣದ ಎತ್ತಿನ ಹಾಗೆ ಮನಸ್ಸು ಅಲ್ಲೇ ಸುತ್ತುತ್ತದೆ. ಇಂಥ ಭಯದ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಏರಿ, ತಾನಾಗಿಯೇ ಇಳಿಯುತ್ತದೆ. ಆಗ ಮೆಲ್ಲಗೆ ಉಸಿರು ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಬಿಡುವ ಪ್ರತಿ ಉಸಿರಿಗೂ ನಿಮ್ಮ ನಿಮ್ಮ ದೇವರ ಹೆಸರು ಕೂಡಿಸಿರಿ. ಶಿವನಾಮವಾಗಲಿ, ಅಲ್ಲಾಹನ ನಾಮವಾಗಲಿ, ಉಸಿರಿಗೆ ಭೇದವಿಲ್ಲ. ಶಿರಹಟ್ಟಿಯ ಫಕೀರೇಶ್ವರರ ಸನ್ನಿಧಿಗೆ ನಡೆದುಕೊಳ್ಳುವ ಈ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಯೊಳಗಿನದು, ಕೈ ಮೀರಿದ್ದು

ಮಳೆ ನಮ್ಮ ಕೈಯಾಗಿಲ್ಲ, ಬದು ಹಾಕೂದು ನಮ್ಮ ಕೈಯಾಗೈತಿ. ದರ ನಮ್ಮ ಕೈಯಾಗಿಲ್ಲ, ಸಾಲ ಮಾಡಿ ಅದ್ದೂರಿ ಮದುವೆ ಮಾಡೂದು ಬಿಡೂದು ನಮ್ಮ ಕೈಯಾಗೈತಿ. ಸಂಜೆ ಕುಳಿತು ಚಿಂತೆಗಳನ್ನು ಹೀಗೆ ಎರಡು ಪಾಲು ಮಾಡಿರಿ. ಕೈಯೊಳಗಿನದಕ್ಕೆ ನಾಳೆಯೇ ಒಂದು ಕೆಲಸ ಗೊತ್ತುಮಾಡಿರಿ. ಕೈ ಮೀರಿದ್ದನ್ನು ದೇವರ ಪಾದಕ್ಕೆ ಬಿಡಿರಿ. ಮೊದಲ ಪಾಲನ್ನೂ ದೇವರ ಮೇಲೆ ಹಾಕಿದರೆ ಅದು ಭಕ್ತಿಯಲ್ಲ, ಮೈಗಳ್ಳತನ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. 1944ರಲ್ಲಿ ಗುರು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವೆಲ್ಲ ಸುಮಾರು ಮೂವತ್ತರ ಹರೆಯದ, ಕಣ್ಣು ಕಾಣದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಅಂಧ ಮಕ್ಕಳ ಊಟ, ವಸತಿ, ಪಾಠ, ಒಂದೇ ಎರಡೇ? ಪೂಜೆ, ಸಂಗೀತ, ದಾಸೋಹ, ನಿತ್ಯದ ಈ ನಿಯಮವನ್ನು ಅವರು ಬಿಡಲಿಲ್ಲ. ನಾಟಕ ಕಂಪನಿ ನಡೆಸಿ ಆಶ್ರಮ ಸಾಕಿದರು. 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಹೊಣೆ ಹೊತ್ತರು. ಭಾರ ಕಡಿಮೆಯಾಗಲಿ ಎಂದು ಕಾಯದೆ, ಹೊರುವ ರೀತಿ ಕಲಿತರು. ದಿನಕ್ಕೊಂದು ನಿಯಮ, ಮಾಡಲೊಂದು ಕಾಯಕ, ಕೂಡಿ ಹಾಡಲು ಒಂದು ಭಜನೆ ಇದ್ದರೆ ಮನಸ್ಸಿಗೆ ನಿಲ್ಲಲು ನೆಲ ಸಿಗುತ್ತದೆ.

ದಿನಚರಿಯಲ್ಲಿಯೂ ಸಣ್ಣ ಸಣ್ಣ ಸಂಗತಿಗಳಿವೆ. ದಿನಾಲೂ ಅರ್ಧ ತಾಸು ಬಿರುಸಾಗಿ ನಡೆಯಿರಿ. ಸಂಜೆಯ ಮೇಲೆ ಚಹಾ ಬಿಡಿರಿ. ಮಲಗುವಾಗ ಮೊಬೈಲ್ ದೂರವಿಡಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಸೆರೆ, ಗುಟಕಾ ಅಂಜಿಕೆಯನ್ನು ಮರೆಸಿದಂತೆ ಮಾಡಿ ಮರುದಿನ ಬಡ್ಡಿ ಸಮೇತ ವಸೂಲಿ ಮಾಡುತ್ತವೆ.

ಬೇರು, ತೊಪ್ಪಲಿನ ಮಾತು

ಕಪ್ಪತಗುಡ್ಡ ಔಷಧಿ ಸಸ್ಯಗಳ ಭಂಡಾರ ನಿಜ. ಆದರೆ 2019ರಿಂದ ಇದು ವನ್ಯಜೀವಿಧಾಮ. ಇಲ್ಲಿ ಬೇರು ಕೀಳುವುದು, ಬಳ್ಳಿ ಹರಿಯುವುದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯವಲ್ಲ. ಅಶ್ವಗಂಧವನ್ನೇ ನೋಡಿರಿ. ಬಸುರಿಯರಿಗೆ ಅದು ಸಲ್ಲದು. ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇದ್ದವರು, ನಿದ್ದೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇನ್ನೊಂದು ಮಾತು, ಕೈಮುಗಿದು ಹೇಳುವುದು. "ದೇವರಿಗೆ ನಡಕೊಂಡೇನಿ, ಇನ್ನ ಗುಳಿಗಿ ಬ್ಯಾಡ" ಎಂದು ಮನಸ್ಸಿನ ಔಷಧಿಯನ್ನು ದಿಢೀರನೆ ನಿಲ್ಲಿಸಬೇಡಿರಿ. ಹಾಗೆ ನಿಲ್ಲಿಸಿದರೆ ಬೇನೆ ಇಮ್ಮಡಿಸಿ ಬರಬಹುದು, ಜೀವಕ್ಕೂ ಕುತ್ತಾಗಬಹುದು. ಯಾವ ದೇವರೂ ಆ ಹರಕೆ ಬೇಡುವುದಿಲ್ಲ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಹೆಚ್ಚಾದರೂ ಎದೆ ಬಡಿದುಕೊಳ್ಳುತ್ತದೆ. ಆದ್ದರಿಂದ ಒಮ್ಮೆ ತಪಾಸಣೆ ಮಾಡಿಸಿರಿ. ಎದೆನೋವು ಬಂದರೆ ಚಿಂತೆ ಎಂದು ಕೂರದೆ ತಕ್ಷಣ 108ಕ್ಕೆ ಕರೆ ಮಾಡಿರಿ.

1985ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಮನಸ್ಸಿನ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಈಗಂತೂ ಮನೆಯಲ್ಲೇ ಕುಳಿತು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ ಇದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಸಾಲದ ಬಾಧೆಯಿಂದ ಸಾಯುವ ವಿಚಾರ ಸುಳಿದರೆ ಒಬ್ಬರೇ ಇರಬೇಡಿರಿ. ಆ ಗಳಿಗೆಯಲ್ಲೇ ಮನೆಯವರ ಮುಂದೆ ಬಾಯಿ ಬಿಡಿರಿ, ಫೋನ್ ಮಾಡಿರಿ. ಸಾಲ ತೀರಿಸಲು ವರ್ಷಗಳಿವೆ, ಹೋದ ಜೀವ ತಿರುಗಿ ಬಾರದು.

ಭಕ್ತರೇ, ಮಲ್ಲಯ್ಯನ ಮುಂದೆ ಹೇಳಿಕೊಂಡ ಚಿಂತೆಯನ್ನು ಇಳಿದು ಹೋಗುವಾಗ ನಿಮ್ಮವರೊಬ್ಬರ ಮುಂದೆಯೂ ಹೇಳಿರಿ. ಮತ್ತೊಬ್ಬರು ಹೇಳುವಾಗ ಬುದ್ಧಿವಾದ ಶುರುಮಾಡದೆ ಕಿವಿಗೊಟ್ಟು ಕೇಳಿರಿ. ಕೇಳುವುದೂ ಒಂದು ದಾಸೋಹ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.