ಯಾವ ತಂತಿ ಎಷ್ಟು ಬಿಗಿ?

"ಹೊಂದಿಕೊಂಡು ಹೋಗು ಮಗಾ" ಎಂಬ ಮಾತು ಕೇಳದೆ ತವರಿನ ಹೊಸಿಲು ದಾಟಿದ ಹೆಣ್ಣು ನಮ್ಮ ಕಡೆ ಇರಲಿಕ್ಕಿಲ್ಲ. ಉಡಿ ತುಂಬುವಾಗ ಅಕ್ಕಿ ಕಾಯಿಯ ಜೊತೆ ಈ ಮಾತನ್ನೂ ಸೆರಗಿಗೆ ಹಾಕಿಯೇ ಕಳಿಸುತ್ತಾರೆ. ಈಗೀಗ ಇದಕ್ಕೆ ಎದುರಾಗಿ ಇನ್ನೊಂದು ಮಾತೂ ಕೇಳಿಬರುತ್ತಿದೆ. "ನಾನೊಬ್ಬಳೇ ಯಾಕೆ ಹೊಂದಿಕೊಳ್ಳಬೇಕು? ಎಲ್ಲರಿಗೂ ಒಂದೇ ಕಾಯ್ದೆ ಇರಲಿ" ಎಂದು ನಮ್ಮ ಸ್ಟಾಫ್ ರೂಮಿನ ಎಳೆಯ ಶಿಕ್ಷಕಿಯರು ಟಿಫಿನ್ ಡಬ್ಬಿ ಬಿಚ್ಚುತ್ತಾ ವಾದಿಸುತ್ತಾರೆ. ಮೊದಲ ಮಾತಿನಲ್ಲಿ ಸಂಸಾರ ನಡೆಸಿದವರ ಅನುಭವವಿದೆ, ಎರಡನೆಯದರಲ್ಲಿ ನ್ಯಾಯವಿದೆ. ಎರಡೂ ಸರಿಯೆನಿಸುವಾಗ ಯಾವುದನ್ನು ಹಿಡಿಯುವುದು?

ಈ ಪ್ರಶ್ನೆಯನ್ನು ಬಿಡಿಸಿ ನೋಡಲು ನನಗೆ ನೆರವಾದದ್ದು ಒಂದು ಗಿಟಾರು ಎಂದರೆ ನೀವು ನಕ್ಕೀರಿ. ಗೋವೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ಕಾರವಾರಕ್ಕೆ ಗಿಟಾರು ಹೊಸದೇನಲ್ಲ. ಚರ್ಚಿನ ಹಾಡುಗಳಲ್ಲಿ, ಕ್ರಿಶ್ಚಿಯನ್ನರ ಮದುವೆ ಮನೆಗಳಲ್ಲಿ ಅದನ್ನು ಕೇಳುತ್ತಲೇ ಬಂದವರು ನಾವು. ಆದರೆ ಅಂಕೋಲೆಯ ನನ್ನ ತವರುಮನೆಗೆ ಅದು ಬಂದದ್ದು ನನ್ನ ತಮ್ಮನ ಮಗನ ಜೊತೆಗೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅವನು ರಜೆಗೆ ಬರುವಾಗ ಹೆಗಲಿಗೆ ನೇತುಹಾಕಿಕೊಂಡು ತಂದ ಗಿಟಾರಿಗೆ ಆರರ ಬದಲು ಏಳು ತಂತಿಗಳಿದ್ದವು. ಏಳನೆಯದು ಎಲ್ಲಕ್ಕಿಂತ ದಪ್ಪ. ಮೀಟಿದರೆ ಹಳೆಯ ಮರದ ಪೆಟ್ಟಿಗೆಯ ಮೇಲಿಟ್ಟ ಲೋಟ ನಡುಗುತ್ತಿತ್ತು.

ಹಿಂದೂಸ್ತಾನಿ ಗಾಯನದ ಜೂನಿಯರ್ ಪರೀಕ್ಷೆ ಪಾಸು ಮಾಡಿ, ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸುವಷ್ಟು ಸಂಗೀತ ನನಗೆ ಗೊತ್ತು. ಅಷ್ಟರಲ್ಲೇ ಅವನು ಹೇಳಿದ್ದನ್ನು ನಾನು ಅರ್ಥಮಾಡಿಕೊಂಡೆ. ಗಿಟಾರಿನ ಒಂದು ತಂತಿಯನ್ನು 'ಸ' ಎಂದು ಹಿಡಿದರೆ ಅದರ ಮುಂದಿನ ತಂತಿ ಶುದ್ಧ ಮಧ್ಯಮಕ್ಕೆ ನಿಲ್ಲುತ್ತದೆ. ಅದನ್ನೇ 'ಸ' ಎಂದುಕೊಂಡರೆ ಅದರ ಮುಂದಿನದು ಮತ್ತೆ ಮಧ್ಯಮ. ಹೀಗೆ ಏಳು ತಂತಿಗಳ ನಡುವೆ ಆರು ಅಂತರಗಳು. ಬಿ, ಇ, ಎ, ಡಿ, ಜಿ, ಬಿ, ಇ ಎಂದು ಅವರು ಎಣಿಸುತ್ತಾರೆ. ಆದರೆ ಜಿ ಮತ್ತು ಬಿ ತಂತಿಗಳ ನಡುವಿನ ಅಂತರ ಮಾತ್ರ ಮಧ್ಯಮದ್ದಲ್ಲ. ಅರ್ಧ ಸ್ವರ ಕಡಿಮೆಯಾಗಿ, ಭೂಪ ರಾಗದ ಗಂಧಾರಕ್ಕೆ ನಿಂತುಬಿಟ್ಟಿದೆ.

"ನೋಡಿ ಅತ್ತೆ, ಐದು ಅಂತರಕ್ಕೆ ಒಂದು ಕಾಯ್ದೆ, ಒಂದಕ್ಕೆ ಮಾತ್ರ ಬೇರೆ. ಎಂತಾ ನ್ಯಾಯ ಇದು?" ಎಂದು ಅವನು ಕೇಳಿದ. ಒಳಗೆ ಕಾಯಿ ತುರಿಯುತ್ತಿದ್ದ ಅವನ ತಾಯಿ, "ಎಲ್ಲಾ ಮನೆಯಲ್ಲೂ ಒಂದು ಇರ್ತದೆ ಬಿಡೋ ಅಂಥದ್ದು" ಎಂದಳು.

ಆ ಒಂದು ಅಂತರ ಬಗ್ಗಿಕೊಂಡದ್ದಕ್ಕೆ ಕಾರಣವಿದೆ. ಆರು ತಂತಿಯ ಗಿಟಾರಿನಲ್ಲಿ ಎಲ್ಲವೂ ಮಧ್ಯಮದ ಅಂತರದಲ್ಲೇ ನಿಂತರೆ ಅತಿ ದಪ್ಪ ತಂತಿಗೂ ಅತಿ ತೆಳ್ಳಗಿನ ತಂತಿಗೂ ಅರ್ಧ ಸ್ವರದ ಜಗಳ ಬೀಳುತ್ತದೆ. ಒಂದು ಅಂತರ ತಗ್ಗಿದರೆ ಎರಡು ತುದಿಗಳೂ ಒಂದೇ ಸ್ವರದ ಎರಡು ಸ್ಥಾಯಿಗಳಾಗುತ್ತವೆ. ಆಗ ತೋರುಬೆರಳನ್ನು ಅಡ್ಡಲಾಗಿ ಒತ್ತಿಹಿಡಿದು ಆರೂ ತಂತಿಗಳನ್ನು ಒಟ್ಟಿಗೆ ಮೀಟಬಹುದು, ಬೆರಳುಗಳಿಗೆ ಸಲೀಸು. ಹಾಡಿನ ಜೊತೆ ನುಡಿಸುವ ಕಾರ್ಡುಗಳೆಲ್ಲ ಈ ಒಂದು ತಗ್ಗುವಿಕೆಯನ್ನು ನಂಬಿಕೊಂಡಿವೆ. ಹಾಡುವವರಿಗೂ ಕೇಳುವವರಿಗೂ ಅದರ ಸುದ್ದಿಯೇ ತಿಳಿಯುವುದಿಲ್ಲ.

ನಮ್ಮ ಹುಡುಗ ಅದನ್ನು ಬದಲಿಸಲು ಹೊರಟಿದ್ದ. ಕೊನೆಯ ಎರಡು ತೆಳ್ಳಗಿನ ತಂತಿಗಳನ್ನು ಅರ್ಧ ಸ್ವರ ಏರಿಸಿ, ಆರೂ ಅಂತರಗಳನ್ನು ಮಧ್ಯಮಕ್ಕೆ ತರುವುದು ಅವನ ಯೋಚನೆ. ಹೀಗೆ ಮಾಡಿದವರಲ್ಲಿ ಅವನು ಮೊದಲಿಗನೇನಲ್ಲ. ಅಮೆರಿಕದ ಸ್ಟ್ಯಾನ್ಲಿ ಜೋರ್ಡನ್ ತಮ್ಮ ಆರು ತಂತಿಯ ಗಿಟಾರನ್ನು ಹೀಗೇ ಶ್ರುತಿ ಮಾಡಿ ಹೆಸರಾದವರು. ಇದರಿಂದ ಒಂದು ದೊಡ್ಡ ಲಾಭವಿದೆ. ಒಂದು ಕಡೆ ಕಲಿತ ಬೆರಳ ವಿನ್ಯಾಸ ಎಲ್ಲ ತಂತಿಗಳ ಮೇಲೂ ಹಾಗೆಯೇ ನಡೆಯುತ್ತದೆ. ಎಲ್ಲಿಯೂ "ಇಲ್ಲಿ ಮಾತ್ರ ಹುಷಾರು" ಎನ್ನಬೇಕಿಲ್ಲ. ನಷ್ಟವೂ ಇದೆ. ಹಳೆಯ ಸಲೀಸಾದ ಕಾರ್ಡುಗಳು ಕೈಗೆ ಬರುವುದಿಲ್ಲ. ಎರಡು ದಿನ ಅವನ ಬೆರಳುಗಳು ಕುರುಡರಂತೆ ತಡಕಾಡಿದವು.

"ಇದ್ದದ್ದನ್ನು ಯಾಕೆ ಕೆಡಿಸುತ್ತೀ?" ಎಂದು ಅವನ ಅಪ್ಪ ಗೊಣಗಿದ. ಆದರೆ ಇದ್ದದ್ದು ಎನ್ನುವುದನ್ನೂ ಯಾವಾಗಲೋ ಯಾರೋ ಮಾಡಿದ್ದೇ ಅಲ್ಲವೇ? ರಷ್ಯದವರ ಹಳೆಯ ಏಳು ತಂತಿಯ ಗಿಟಾರಿನ ಶ್ರುತಿಯೇ ಬೇರೆ. ಅಷ್ಟು ದೂರ ಯಾಕೆ, ಘಟ್ಟ ಹತ್ತಿದರೆ ಧಾರವಾಡ. ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾದ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ, ಮಂದ್ರದ ದಪ್ಪ ತಂತಿಗಳನ್ನು ಸೇರಿಸಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿದರೆಂದು ಸಂಗೀತಗಾರರು ಹೇಳುತ್ತಾರೆ. ಅವರ ಮೊಮ್ಮಗ ಉಸ್ತಾದ್ ಬಾಲೇ ಖಾನರ (1942–2007) ಸಿತಾರನ್ನು ರೇಡಿಯೋದಲ್ಲಿ ಕೇಳಿದ ನಮಗೆ ಅದೇ ಸಂಪ್ರದಾಯ. ಅಜ್ಜ ಬಿರಡೆ ತಿರುಗಿಸಿದಾಗಲೂ ಯಾರೋ ಗೊಣಗಿರಬಹುದು.

ಹಾಗಾದರೆ "ಎಲ್ಲರಿಗೂ ಒಂದೇ ಕಾಯ್ದೆ" ಎಂಬುದೇ ಗೆದ್ದಿತೇ? ಅಷ್ಟು ಸುಲಭವಿಲ್ಲ. ಮೂರನೆಯ ದಿನ ಆ ಅತಿ ತೆಳ್ಳಗಿನ ತಂತಿ ಟಣ್ ಎಂದು ಹರಿಯಿತು. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿಯ ಹತ್ತಿರ ಈ ಸಂಗತಿ ಹೇಳಿದಾಗ ಅವಳು ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದಳು. ಸೆಕೆಂಡಿಗೆ ಸುಮಾರು 330 ಸಲ ಅದುರುವ ತಂತಿ ಅರ್ಧ ಸ್ವರ ಮೇಲೇರಿದರೆ 349 ಸಲ ಅದುರಬೇಕು. ಕಿವಿಗೆ ಅದು ಅರ್ಧ ಸ್ವರ ಅಷ್ಟೇ. ಆದರೆ ತಂತಿಯ ಮೇಲಿನ ಎಳೆತ ಶೇಕಡಾ 12ರಷ್ಟು ಹೆಚ್ಚುತ್ತದೆ! ಕೇಳುವವರಿಗೆ ಸಣ್ಣದಾಗಿ ಕಂಡದ್ದು ಹೊರುವವರಿಗೆ ಎಷ್ಟಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಲೆಕ್ಕವನ್ನು ನಾನು ಕಂಡಿಲ್ಲ.

ಈ ಲೆಕ್ಕ ನನ್ನನ್ನು ಬಿಡದೆ ಕಾಡಿದ್ದಕ್ಕೆ ಕಾರಣ ನಮ್ಮ ಆಯಿ. ಎಂಬತ್ತನಾಲ್ಕು ವರ್ಷ. ನಾವು ನಾಲ್ವರು ಮಕ್ಕಳು. ಅಣ್ಣ ಬೆಳಗಾವಿಯಲ್ಲಿ, ತಂಗಿ ಪುಣೆಯಲ್ಲಿ, ನಾನು ಕಾರವಾರದಲ್ಲಿ, ತಮ್ಮ ಅಂಕೋಲೆಯ ಮೂಲಮನೆಯಲ್ಲಿ. ಅಪ್ಪ ಹೋದಂದಿನಿಂದ ಹನ್ನೊಂದು ವರ್ಷ ಆಯಿಯ ಔಷಧಿ, ಸ್ನಾನ, ರಾತ್ರಿಯ ಏಳಾಟ ಎಲ್ಲವೂ ತಮ್ಮನ ಹೆಂಡತಿಯದು. ಕಳೆದ ವರ್ಷ ಅವಳು ಮೊದಲ ಸಲ ಬಾಯಿಬಿಟ್ಟಳು. "ಅಕ್ಕಾ, ನನ್ನ ತವರಲ್ಲೂ ಒಬ್ಬಳು ಅಬ್ಬೆ ಇದ್ದಾಳೆ. ನಾಲ್ಕು ದಿನ ಹೋಗಿ ನಿಲ್ಲಲಿಕ್ಕೂ ಆಗುವುದಿಲ್ಲ." ಅವಳು ಕೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ. ಹನ್ನೆರಡು ತಿಂಗಳು, ನಾಲ್ಕು ಮನೆ, ಮೂರು ಮೂರು ತಿಂಗಳು. ಲೆಕ್ಕ ಚೊಕ್ಕ, ಯಾರೂ ಯಾರನ್ನೂ ದೂರುವಂತಿಲ್ಲ.

ಆಯಿ ಮಾತ್ರ, "ಚೀಲ ಬಿಚ್ಚುವುದರೊಳಗೆ ಕಟ್ಟುವ ಹೊತ್ತು ಬರ್ತದೆ" ಎಂದಳು. ಬೆಳಗಾವಿಯ ಚಳಿ, ಪುಣೆಯ ಮೂರನೆಯ ಮಹಡಿ, ನಡುವೆ ಬಸ್ಸು ರೈಲು. ಎಲ್ಲ ಅಂತರಗಳೂ ಸಮವಾದವು ನಿಜ, ಆದರೆ ಅದರ ಎಳೆತವನ್ನೆಲ್ಲ ಹೊರಬೇಕಾದದ್ದು ಮನೆಯ ಅತಿ ತೆಳ್ಳಗಿನ ತಂತಿ. ಈಗ ನಮ್ಮೂರುಗಳಲ್ಲಿ ಎಷ್ಟು ಮನೆಗಳಲ್ಲಿ ಮುದುಕಿಯರು ಹೀಗೆ ಚೀಲ ಹಿಡಿದು ಸರದಿ ತಿರುಗುತ್ತಿದ್ದಾರೆ, ನೀವೇ ಎಣಿಸಿ ನೋಡಿ.

ಸಮಾನತೆ ತಪ್ಪೆಂದು ನಾನು ಹೇಳಲಾರೆ. ಹಾಗೆಂದರೆ ತಮ್ಮನ ಹೆಂಡತಿ ಇನ್ನೂ ಹನ್ನೊಂದು ವರ್ಷ ಬಗ್ಗಿಕೊಂಡೇ ಇರಲಿ ಎಂದಂತಾಗುತ್ತದೆ. ಆದರೆ ಸಮ ಮಾಡಲು ಇರುವ ದಾರಿ ಒಂದೇ ಅಲ್ಲ ಎಂಬುದನ್ನು ಗಿಟಾರೇ ತೋರಿಸಿಕೊಟ್ಟಿತು. ತಂತಿ ಹರಿದ ಮೇಲೆ ಹುಡುಗ ಇನ್ನೊಂದು ಉಪಾಯ ಹೂಡಿದ. ಎರಡು ತೆಳ್ಳಗಿನ ತಂತಿಗಳನ್ನು ಹಳೆಯ ಜಾಗದಲ್ಲೇ ಬಿಟ್ಟು, ಉಳಿದ ಐದು ದಪ್ಪ ತಂತಿಗಳನ್ನು ಅರ್ಧ ಸ್ವರ ಇಳಿಸಿದ. ಫಲ ಅದೇ, ಆರೂ ಅಂತರಗಳು ಮಧ್ಯಮಕ್ಕೆ ಬಂದವು. ಕೆಲಸ ಮಾತ್ರ ಎರಡು ಬಿರಡೆಗಳ ಬದಲು ಐದಕ್ಕೆ ಬಿತ್ತು. ಸುಲಭದ ದಾರಿ ಯಾವಾಗಲೂ ತೆಳ್ಳಗಿನದನ್ನೇ ಎಳೆಯುತ್ತದೆ, ಯಾಕೆಂದರೆ ತಿರುಗಿಸಬೇಕಾದ ಬಿರಡೆಗಳು ಕಡಿಮೆ.

ಶಾಲೆಯ ಪ್ರಾರ್ಥನೆಯಲ್ಲಿ ನಾವು ಇದನ್ನು ದಿನವೂ ಮಾಡುತ್ತೇವೆ. ಚೆನ್ನಾಗಿ ಹಾಡುವ ಹುಡುಗಿಯರಿಗೆ ಏರುಶ್ರುತಿ ಇಷ್ಟ. ಆದರೆ ಒಂಬತ್ತನೆಯ ತರಗತಿಯ ಗಂಡುಹುಡುಗರ ಗಂಟಲು ಒಡೆಯುವ ಕಾಲ. ಏರಿಸಿದರೆ ಅವರು ಬಾಯಿ ಮುಚ್ಚಿ ನಿಂತುಬಿಡುತ್ತಾರೆ. ಹಾಡಬಲ್ಲವರು ಒಂದು ಮೆಟ್ಟಿಲು ಇಳಿದರೆ ಅವರ ಹಾಡೇನೂ ಕೆಡುವುದಿಲ್ಲ, ಹಾಡಲಾರದವರಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ. ಅಂಕೋಲೆಯ ಹಾಲಕ್ಕಿ ಹೆಂಗಸರು ಕೂಡಿ ಹಾಡುವುದನ್ನು ಕೇಳಿದ್ದೀರಾ? 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ನಮ್ಮನ್ನಗಲಿದ ಬಡಗೇರಿಯ ಸುಕ್ರಜ್ಜಿಯ ಎದುರು ತಂಬೂರಿಯೂ ಇರಲಿಲ್ಲ, ಶ್ರುತಿಪೆಟ್ಟಿಗೆಯೂ ಇರಲಿಲ್ಲ. ಅಜ್ಜಿ ಎತ್ತಿದಲ್ಲಿಗೆ ಉಳಿದ ದನಿಗಳು ಬಂದು ಸೇರುತ್ತಿದ್ದವು.

ನಮ್ಮ ಮನೆಯಲ್ಲಿ ಸರದಿಯ ಲೆಕ್ಕ ಒಂದೇ ಸುತ್ತಿಗೆ ನಿಂತಿತು. ಈಗ ಆಯಿ ಅಂಕೋಲೆಯ ತನ್ನ ಕೋಣೆಯಲ್ಲೇ ಇದ್ದಾಳೆ, ತಿರುಗುವವರು ನಾವು. ಶನಿವಾರ ಶಾಲೆ ಬಿಟ್ಟ ಕೂಡಲೆ ಕಾರವಾರದಿಂದ ಸುಮಾರು 35 ಕಿಲೋಮೀಟರ್ ಬಸ್ಸಿನಲ್ಲಿ ಹೋಗುತ್ತೇನೆ. ಸೋಮವಾರ ಬೆಳಗಿನವರೆಗೆ ಆಯಿ ನನ್ನ ಪಾಲಿಗೆ. ಹಗಲಿಗೆ ಒಬ್ಬ ಹೆಂಗಸನ್ನು ಇಟ್ಟಿದ್ದೇವೆ, ಅವಳ ಸಂಬಳ ಅಣ್ಣನದು. ಮೇ ತಿಂಗಳಿಡೀ ತಂಗಿ ಬಂದು ನಿಲ್ಲುತ್ತಾಳೆ. ಇದಕ್ಕಾಗಿ ಫೋನಿನಲ್ಲಿ ಎಷ್ಟು ಜಗಳವಾಯಿತೆಂದು ಬರೆದರೆ ಇನ್ನೊಂದು ಪ್ರಬಂಧವಾದೀತು. ಐದು ಬಿರಡೆ ತಿರುಗಿಸುವ ಕೆಲಸವೇ ಹಾಗೆ.

ಇದು ಪೂರ್ತಿ ನ್ಯಾಯವಾಯಿತೇ? ರಾತ್ರಿಯ ಏಳಾಟ ವಾರಕ್ಕೆ ಐದು ದಿನ ಇನ್ನೂ ತಮ್ಮನ ಹೆಂಡತಿಯದೇ. ತಂತಿಯನ್ನು ಒಂದು ಸಲ ಶ್ರುತಿ ಮಾಡಿಟ್ಟರೆ ಮುಗಿಯಲಿಲ್ಲ; ನಮ್ಮ ಕರಾವಳಿಯ ಹವೆಗೆ ಅದು ಮತ್ತೆ ಸಡಿಲುತ್ತದೆ, ಮತ್ತೆ ನೋಡಬೇಕು. ಹೊಂದಿಕೊಳ್ಳುವುದು ಬೇಡವೆಂದರೆ ಸಂಸಾರವೂ ಇಲ್ಲ, ಸಂಗೀತವೂ ಇಲ್ಲ. ಯಾರು ಹೊಂದಿಕೊಳ್ಳಬೇಕು ಎನ್ನುವ ಮೊದಲು ಯಾರ ಮೇಲೆ ಎಷ್ಟು ಎಳೆತವಿದೆ ಎಂದು ತಂತಿಯನ್ನೊಮ್ಮೆ ಮುಟ್ಟಿ ನೋಡಬೇಕು, ಅಷ್ಟೇ. ಕಿವಿಗೆ ತಿಳಿಯದ್ದು ಬೆರಳಿಗೆ ತಿಳಿಯುತ್ತದೆ.

ಈ ಮೇ ತಿಂಗಳಲ್ಲಿ ತಮ್ಮನ ಹೆಂಡತಿ ತವರಿಗೆ ಹೋಗಿ ಇಪ್ಪತ್ತೆರಡು ದಿನ ಇದ್ದು ಬಂದಳು. ಬರುವಾಗ ಆಯಿಗೆಂದು ಅವಳ ಅಬ್ಬೆ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಿದ್ದಳು.