ಮೂರು ಬೇಸಿಗೆ

ಯುಗಾದಿಗೆ ಇನ್ನೂ ಎಂಟು ಹತ್ತು ದಿನ ಇರುವಾಗ ನಮ್ಮ ಹೊಲದ ಬದುವಿನ ಹೊಂಗೆ ಬೋಳಾಗಿ ನಿಂತಿರುತ್ತದೆ. ಹಬ್ಬದ ಬೆಳಿಗ್ಗೆ ಹೋಗಿ ನೋಡಿದರೆ ಅದೇ ಮರ ಎಣ್ಣೆ ಸವರಿದಂಥ ಎಳೆ ಎಲೆ ಹೊದ್ದಿರುತ್ತದೆ. ಈ ನಡುವೆ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಹೊಲದ ಮಣ್ಣು ಕೈಯಲ್ಲಿ ಹಿಡಿದರೆ ಪುಡಿಪುಡಿ. ಬೇರು ಎಷ್ಟು ಆಳಕ್ಕೆ ಹೋಗಿ ಈ ಪಸೆಯನ್ನು ಹುಡುಕಿ ತಂದಿತೋ ಎಂದು ಪ್ರತಿ ವರ್ಷವೂ ಅದರ ಬುಡದಲ್ಲಿ ನಿಂತು ಯೋಚಿಸುತ್ತೇನೆ.

ನಮ್ಮ ಮಂಡ್ಯ ಜಿಲ್ಲೆ ಎಂದರೆ ಹೊರಗಿನವರಿಗೆ ಕಬ್ಬು, ಬೆಲ್ಲ, ನಾಲೆ. ಶ್ರೀರಂಗಪಟ್ಟಣದಲ್ಲಿ ನಸುಕಿನ ಬಸ್ಸು ಹತ್ತಿದರೆ ಆ ಮಾತು ನಿಜವೇ ಅನ್ನಿಸುತ್ತದೆ, ಕಿಟಕಿಯ ಆಚೆ ಗದ್ದೆಯೋ ಗದ್ದೆ. ಪಾಂಡವಪುರ ದಾಟಿ ಮೇಲುಕೋಟೆಯ ಬೆಟ್ಟ ಎಡಗಡೆ ಕಾಣತೊಡಗಿದ ಮೇಲೆ ನೆಲದ ಬಣ್ಣ ಕೆಂಪಾಗುತ್ತದೆ, ಬಂಡೆಗಳು ತಲೆ ಎತ್ತುತ್ತವೆ, ರಾಗಿ ಹುರುಳಿಯ ಹೊಲಗಳು ಶುರುವಾಗುತ್ತವೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಅದರ ನೀರು ಮೊದಲು ಇರ್ವಿನ್ ನಾಲೆಯಾಗಿ, ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಗಿ ತಗ್ಗಿನ ಊರುಗಳಿಗೆಲ್ಲ ಹರಿಯಿತು. ನೀರು ಏರನ್ನು ಹತ್ತುವುದಿಲ್ಲವಲ್ಲ. ಮುಂದೆ ಹೇಮಾವತಿ ನಾಲೆ ಕೆ.ಆರ್. ಪೇಟೆ, ನಾಗಮಂಗಲದ ಕೆಲವು ಊರುಗಳಿಗೆ ಬಂತು. ಮಿಕ್ಕ ಊರುಗಳು ಇವತ್ತಿಗೂ ಮುಗಿಲು ನೋಡಿಕೊಂಡೇ ಬಿತ್ತುತ್ತವೆ.

ಈ ಊರುಗಳನ್ನು ಇಷ್ಟು ಕಾಲ ಹಿಡಿದು ನಿಲ್ಲಿಸಿದ್ದರಲ್ಲಿ ಬದುವಿನ ಮರಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಹೊಲದೊಳಗೆ ರಾಗಿಯ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು. ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ, ಸೀತಾಫಲ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಮತ್ತೆ ಮಣ್ಣಿಗೆ. ಕೃಷಿ ಅರಣ್ಯ ಎಂಬ ಹೆಸರು ಬರುವ ಮೊದಲೇ ಕೃಷಿಯೂ ಅರಣ್ಯವೂ ಒಂದೇ ಬದುವಿನ ಆಚೆ ಈಚೆ ಇದ್ದವು. ಮಳೆ ಕೈಕೊಟ್ಟು ರಾಗಿ ತೆನೆ ಒಡೆಯದ ವರ್ಷ ಹುಣಸೆ ಮಾರಿ ಮಕ್ಕಳಿಗೆ ಬಟ್ಟೆ ತಂದ ಮನೆಗಳನ್ನು ನಾನು ಬಲ್ಲೆ. ನಮ್ಮದೂ ಅದರಲ್ಲಿ ಒಂದು.

ನಮ್ಮಜ್ಜಿ ಮುಸುರೆ ತೊಳೆದ ನೀರನ್ನು ಒಂದು ದಿನವೂ ಅಂಗಳಕ್ಕೆ ಚೆಲ್ಲಿದವರಲ್ಲ. ಕೊಡಕ್ಕೆ ತುಂಬಿಕೊಂಡು ಹೊಲದ ದಾರಿ ಹಿಡಿಯುತ್ತಿದ್ದರು. ಸಸಿಯ ಪಕ್ಕದಲ್ಲಿ ಕತ್ತಿನ ತನಕ ಹೂತ ಹಳೆಯ ಗಡಿಗೆ. ಅದರ ತಳದಲ್ಲಿ ಒಂದು ತೂತು, ತೂತಿಗೆ ಬಟ್ಟೆಯ ಬತ್ತಿ. ನೀರು ತುಂಬಿ ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿದರೆ ನಾಲ್ಕಾರು ದಿನ ಬೇರಿಗೆ ತೇವ. ಸುತ್ತ ಜಾಲಿಮುಳ್ಳಿನ ಬೇಲಿ. ಶಾಲೆಯಲ್ಲಿ ವನಮಹೋತ್ಸವ ಮುಗಿಸಿ ಬಂದು, ನಾನೂ ಒಂದು ಗಿಡ ನೆಟ್ಟೆ ಎಂದು ಹೇಳಿದಾಗ ಅವರು ಅಂದದ್ದು: “ನೆಡದೇನ್ ಮಗ, ಒಂದ್ ಗಳಿಗೆ ಕೆಲ್ಸ. ಮೂರ್ ಬ್ಯಾಸಿಗೆ ಕಾಯ್ಬೇಕು. ಮೂರ್ ದಾಟುದ್ರೆ ಆಮ್ಯಾಕ್ ಅದ್ರ ಪಾಡಿಗ್ ಅದು.”

ಬಹಳ ವರ್ಷಗಳ ಮೇಲೆ ಸರ್ಕಾರದ ಒಂದು ಯೋಜನೆಯಲ್ಲಿ ಇದೇ ಲೆಕ್ಕ ಕಂಡು ನನಗೆ ಸಂತೋಷವಾಯಿತು. 2011-12ರಲ್ಲಿ ಅರಣ್ಯ ಇಲಾಖೆ ತಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೆಟ್ಟದ್ದಕ್ಕೆ ದುಡ್ಡು ಕೊಡುವುದಿಲ್ಲ, ಉಳಿಸಿದ್ದಕ್ಕೆ ಕೊಡುತ್ತದೆ. ಮೊತ್ತ ಏರಿಸಿದ ಮೇಲೆ ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ, ಒಟ್ಟು 125. ಗುಂಡಿ ತೋಡಿದ ಕೂಲಿಗೇ ಸಾಲದು ಎನ್ನುವವರಿದ್ದಾರೆ. ಇರಬಹುದು. ಆದರೂ ಎಣಿಸುವುದನ್ನು ಗುಂಡಿಯಿಂದ ಗಿಡಕ್ಕೆ ಬದಲಾಯಿಸಿದ್ದು ಸಣ್ಣ ಮಾತಲ್ಲ.

ಮರ ಯಾರದು ಎನ್ನುವುದು ಇತ್ಯರ್ಥವಾಗದೆ ಯಾರೂ ಮೂರು ಬೇಸಿಗೆ ಕಾಯುವುದಿಲ್ಲ. ಇದಕ್ಕೆ ಶ್ರೀಗಂಧಕ್ಕಿಂತ ಬೇರೆ ಸಾಕ್ಷಿ ಬೇಡ. 1792ರಲ್ಲಿ ಶ್ರೀರಂಗಪಟ್ಟಣದ ಟಿಪ್ಪುವಿನ ಆಳ್ವಿಕೆಯಲ್ಲಿ ಅದು ಅರಸನ ಮರವಾಯಿತು. ಮುಂದಿನ ಸರ್ಕಾರಗಳೂ ಅದನ್ನೇ ಹಿಡಿದವು. ಹಕ್ಕಿ ಉದುರಿಸಿದ ಬೀಜದಿಂದ ಬೇಲಿಯಲ್ಲಿ ಗಂಧದ ಸಸಿ ಎದ್ದರೆ, ನಾಳೆ ಕಳುವಾದರೆ ಉತ್ತರ ಹೇಳುವವನು ನಾನು ಎಂಬ ಭಯಕ್ಕೆ ರೈತ ಅದನ್ನು ಸದ್ದಿಲ್ಲದೆ ಕೀಳುತ್ತಿದ್ದ. 2001ರ ಕಾನೂನು ತಿದ್ದುಪಡಿಯ ತನಕ ನಮ್ಮ ಹೊಲದ ಗಂಧ ನಮ್ಮದಾಗಿರಲಿಲ್ಲ. ಈಗ ಈ ಕಡೆಯ ಹೊಲಗಳಲ್ಲಿ ತೊಗರಿಯ ಪಕ್ಕ, ಹೊಂಗೆಯ ಪಕ್ಕ ಗಂಧ ಬೆಳೆಸುವವರಿದ್ದಾರೆ. ಗಂಧಕ್ಕೆ ಒಂಟಿಯಾಗಿ ಬೆಳೆಯಲು ಬಾರದು. ನೆರೆಯ ಗಿಡದ ಬೇರಿಗೆ ತನ್ನ ಬೇರು ತಗುಲಿಸಿಕೊಂಡೇ ಅದು ಮೇಲೇಳುತ್ತದೆ.

ಒಬ್ಬನ ಹೊಲದ ಮಾತು ಹೀಗಾದರೆ, ಊರಿನ ಮರದ ಮಾತು ಬೇರೆ. ಹಳೆ ಮೈಸೂರು ಸೀಮೆಯ ಹಳ್ಳಿಗಳಿಗೆ ಗುಂಡುತೋಪುಗಳಿದ್ದವು. ಮಾವು, ಹುಣಸೆ, ನೇರಳೆ. ನೆರಳು ದಾರಿಹೋಕರಿಗೆ, ಹಣ್ಣಿನ ಹರಾಜಿನ ದುಡ್ಡು ಊರಿಗೆ. ನಮ್ಮೂರಿನ ತೋಪು ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅರ್ಧ ಸೈಟುಗಳಾಗಿತ್ತು. ಮೊದಲ ಮಾವಿನ ಮರ ಬಿದ್ದ ದಿನ ಎಲ್ಲರೂ ನೋಡಿದೆವು, ಯಾರೂ ಮಾತಾಡಲಿಲ್ಲ. ಎಲ್ಲರದ್ದೂ ಆಗಿದ್ದು ಆಗಲೇ ಯಾರದ್ದೂ ಅಲ್ಲದ್ದಾಗಿಬಿಟ್ಟಿತ್ತು. ಆ ಮೌನದಲ್ಲಿ ನನ್ನ ಪಾಲೂ ಇದೆ. ಇದೇ ಕಾಲದಲ್ಲಿ ಬಯಲುಸೀಮೆಯ ಹೊಲಗಳಿಗೆ ನೀಲಗಿರಿ ಬಂತು. ಕೊಂಡೊಯ್ಯಲು ಲಾರಿ ಹೊಲದ ತನಕ ಬರುತ್ತಿತ್ತು, ಕಾಯುವ ಕೆಲಸವಿಲ್ಲ, ಕುರಿ ಮುಟ್ಟುವುದಿಲ್ಲ. ಹೊಸದಾಗಿ ನೆಡಬಾರದೆಂದು ರಾಜ್ಯ ಸರ್ಕಾರ ಆದೇಶ ಮಾಡುವಷ್ಟರಲ್ಲಿ 2017 ಬಂದಿತ್ತು.

ಬೇರೆ ಸಸಿಗಳಿಗೆ ಕುರಿ ಬಾಯಿ ಹಾಕುವುದು ನಿಜ. ಹಾಗೆಂದು ಕುರಿಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕುರಿ ಮಂದೆ ಕಟ್ಟಿಸಿದ ಹೊಲದ ರಾಗಿಯ ರುಚಿಯೇ ಬೇರೆ. ಈ ಸೀಮೆಯ ಬಡವರ ಕಷ್ಟಕ್ಕೆ ಆಗುವ ನಗದೆಂದರೆ ಕುರಿಯೇ. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರೇ. ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲವೆಂದು ತಾವೇ ಕಟ್ಟೆಗಳನ್ನು ತೋಡಿದರು, ಅದಕ್ಕಾಗಿ ತಮ್ಮ ಕುರಿಗಳನ್ನು ಮಾರಿದರು, ಗಿಡ ನೆಟ್ಟರು. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದಾಗ ದೇಶ ತಿರುಗಿ ನೋಡಿತು. 2022ರಲ್ಲಿ ಅವರು ತೀರಿಕೊಂಡರು. ಗಿಡಕ್ಕೆ ಹಗೆ ಎಂದು ನಾವು ಯಾರ ಕಡೆ ಬೆರಳು ತೋರಿಸುತ್ತೇವೋ ಆ ಕುರಿಗಾಹಿಯೇ ಬೆಟ್ಟವನ್ನು ತಣಿಸಿದ್ದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಊರಿನ ಕುರಿಯವರನ್ನು ಕೂರಿಸಿಕೊಂಡು, ಈ ಎರಡು ಬದು ಮೂರು ವರ್ಷ ಬಿಡಿ, ಆಮೇಲೆ ಸೊಪ್ಪು ನಿಮ್ಮದೂ ಹೌದು ಎಂದು ಮಾತಾಡಿಕೊಂಡ ಕಡೆ ಗಿಡ ಉಳಿದದ್ದನ್ನು ಕಂಡಿದ್ದೇನೆ. ತಂತಿಬೇಲಿ ಹಾಕಿದ ಕಡೆ ತಂತಿಯೇ ಕಳುವಾದದ್ದನ್ನೂ ಕಂಡಿದ್ದೇನೆ.

ಎರಡು ವರ್ಷದ ಹಿಂದೆ ಉಳಿದ ತೋಪಿನ ಅಂಚಿನಲ್ಲಿ ನಾವು ಕೆಲವರು ಹುಣಸೆ, ನೇರಳೆಯ ಸಸಿಗಳನ್ನು ಇಟ್ಟೆವು. ಇದು ಮೂರನೆಯ ಬೇಸಿಗೆ. ಇವತ್ತು ಬೆಳಿಗ್ಗೆ ಕೊಡ ಹಿಡಿದು ಹೋದಾಗ ಕೊನೆಯ ಹುಣಸೆ ಸಸಿಯ ಸುತ್ತ ಆಡಿನ ಗೊರಸಿನ ಗುರುತು ಇನ್ನೂ ಹಸಿಯಾಗಿತ್ತು. ಒಂದು ಮಗ್ಗುಲಲ್ಲಿ ಜಾಲಿಮುಳ್ಳು ಸರಿದಿದ್ದ ಗುರುತೂ ಇತ್ತು. ಆದರೆ ಮುಳ್ಳು ಮತ್ತೆ ಸ್ವಸ್ಥಾನಕ್ಕೆ ಬಂದಿತ್ತು, ಅದರ ಬುಡಕ್ಕೆ ಎರಡು ಕಲ್ಲು ಹೇರಿದ್ದರು. ನನಗಿಂತ ಮೊದಲು ಯಾರೋ ಬಂದು ಹೋಗಿದ್ದರು. ಚಪ್ಪಡಿ ಎತ್ತಿದೆ. ಗಡಿಗೆಯಲ್ಲಿ ನೀರು ಕಂಠಮಟ್ಟ ಇತ್ತು. ನನ್ನ ಕೊಡವನ್ನು ಪಕ್ಕದ ನೇರಳೆಗೆ ಸುರಿದು ಬಂದೆ.